ಕಾಲಿಲ್ಲದ ಕುದುರೆ

ಊರಿಗೊಂದು ಹೆಸರು ಅದಕ್ಕೆ. ನಾವು ಕುದುರೆ ಅನ್ನುತ್ತೇವೆ:
ಆಳುದ್ದದ ಬೀಚ್ ಹಲಗೆ, ಮೂರು ಕಾಲು,
ನಡುವೆ ತೂಗುವ ಒಂದು ಮೊಂಡು ತಲೆ.
ಹತ್ತಿ ಕೂತು ಕೆಳಗಿನ ಅಡ್ಡಪಟ್ಟಿ ಒದ್ದರೆ
ತಲೆ ಬಗ್ಗಿ ಮರವನ್ನು ಕಚ್ಚುತ್ತದೆ.
ಎರಡು ಹಿಡಿಯ ಕತ್ತಿಯನ್ನು ಎದೆಯ ಕಡೆಗೆ ಎಳೆಯಬೇಕು,
ಎಳೆದಷ್ಟೂ ಅದರ ಪಟ್ಟು ಬಿಗಿ.

ಗಾಶ್ಪೆರ್ ಹದಿಮೂರಕ್ಕೇ ಅದನ್ನು ಹತ್ತಿದವನು.
ಒಣಹುಲ್ಲು ಬಾಚುವ ಹಲುಬೆಗಳ ಹಲ್ಲು ಕೆತ್ತುತ್ತ
ತನ್ನ ಹಲ್ಲು ಅರ್ಧ ಉದುರಿಸಿಕೊಂಡವನು.
ಸೊದ್ರಾಜಿತ್ಸಾದ ಮೇಲಿನ ಕಾಡಿನಲ್ಲಿ, ಫೆಬ್ರವರಿಯಲ್ಲಿ,
ಹಿಮ ಸಡಿಲಾಗಿ ಒಂದು ದಿಮ್ಮಿ ಉರುಳಿತು.
ಎಡಗಾಲು ಹೋಯಿತು.
ಬಲಗಾಲಲ್ಲಿ ಆರು ಮೊಳೆ; ಒದೆಯಕೂಡದು ಅಂದರು ಡಾಕ್ಟರು.

ಮನೆಗೆ ಬಂದವನು ಕುದುರೆಗೆ ಗೋಣಿ ಹೊದಿಸಿದ.
ಕುದುರೆ ಕಂಡರೆ ಕಾಲು ನೋವು ಅನ್ನುತ್ತಾರಲ್ಲ,
ಅವನಿಗೆ ಇಲ್ಲದ ಕಾಲೇ ನೋಯುತ್ತಿತ್ತು.

ಕನಿಕರ ಅಂದುಕೊಳ್ಳಬೇಡಿ.
ನಾನು ಅವನ ಹಲುಬೆ ಮಾರುವವಳು, ನೆಂಟಳಲ್ಲ.
ಜೂನ್‌ಗೆ ನಲವತ್ತು ಕೊಡುತ್ತೇನೆಂದು ಮುಂಗಡ ತಿಂದಿದ್ದೆ.
ನನ್ನ ರೆನೋ ಕಾರಿನ ಸೀಟಿನ ಹಿಂದೆ ಎಷ್ಟು ಜಾಗ?
ಮೂರು ಗೇಣು, ನಾಲ್ಕು ಬೆರಳು.
ಅಷ್ಟಕ್ಕೇ ಒಂದು ಆಶ್ ಹಲಗೆ ಕೊಯ್ದೆ.

ಮೊದಲನೆಯದಕ್ಕೆ ತಿರುಪು ಹಾಕಿದ್ದೆ.
ಒಂದು ಹಲ್ಲು ಮುಗಿಯುವುದರೊಳಗೆ
ಹತ್ತು ಸಲ ಬಿಗಿ, ಹತ್ತು ಸಲ ಸಡಿಲ.
ಅದು ಹಲ್ಲು ಕೆತ್ತುವುದಲ್ಲ, ಬಾವಿ ಸೇದುವುದು.
ಎರಡನೆಯದಕ್ಕೆ ಬೆಣೆ. ಚಿಮ್ಮಿ ಹೋಗಿ
ಅಡುಗೆಮನೆಯ ಗಡಿಯಾರದ ಗಾಜು ಒಡೆಯಿತು.
ಈಗಲೂ ಅಲ್ಲಿ ಹನ್ನೊಂದೂ ಕಾಲು.

ಆ ರಾತ್ರಿ ಮಗಳು ಬಂಡೆ ಹತ್ತಿ ಬಂದು
ಸೊಂಟಪಟ್ಟಿಯನ್ನು ಕುರ್ಚಿಗೆ ನೇತುಹಾಕಿ ಮಲಗಿದಳು.
ಹಗ್ಗದ ತುದಿ ನೆಲಕ್ಕೆ ಬಿದ್ದಿತ್ತು.
ನೋಡುತ್ತ ಕೂತೆ.
ಕತ್ತಿ ಎಳೆಯುವವನು ಹೇಗೂ ಹಿಂದಕ್ಕೆ ವಾಲುತ್ತಾನಲ್ಲ.
ಒದೆಯುವ ಕೆಲಸ ಸೊಂಟವೇ ಮಾಡಲಿ.

ಬೀಚ್ ತುಂಡೊಂದು ಮೇಲ್ದವಡೆಯಾಯಿತು.
ಅದರ ತುದಿಗೆ ಹಗ್ಗ, ಹಲಗೆಯಲ್ಲಿ ತೂತು,
ಅಡಿಯಲ್ಲಿ ಒಂದು ಗೂಟ, ಗೂಟ ಬಳಸಿ ಮತ್ತೆ ಸೊಂಟಕ್ಕೆ.
ಹಿಂದೆ ವಾಲಿದರೆ ಕಚ್ಚು, ಮುಂದೆ ಬಾಗಿದರೆ ಬಿಡು.
ಅಡುಗೆಮನೆಯ ತಕ್ಕಡಿ ನಾಲ್ಕು ಕಿಲೋ ಅಂದಿತು.
ಕಾಲು ಇಡಲಿಲ್ಲ. ಎರಡು ಕ್ಲಾಂಪು ಸಾಕು,
ಯಾವ ಬೆಂಚು ಸಿಕ್ಕಿದರೂ ಅದರ ಕಾಲೇ ಇದರ ಕಾಲು.

ಕೊಚೇವ್ಯೆಯ ಶನಿವಾರದ ಮಾರುಕಟ್ಟೆ.
ಜೇನು ಮಾರುವವನ ಬೆಂಚು ಎರವಲು ತಂದೆ.
ಗಾಶ್ಪೆರ್ ಅದನ್ನು ಮಗುಚಿ ನೋಡಿದ, ಮೂಸಿದ.
'ಇದಕ್ಕೆ ಕಾಲೇ ಇಲ್ಲವಲ್ಲ, ನೇಜಾ.'
'ನಿನಗಿದೆಯಾ?'
ಅಂದದ್ದು ನಾನೇ. ನಾಲಿಗೆ ಕಚ್ಚಿಕೊಂಡೆ.
ಜೇನಿನವನು ಡಬ್ಬಿ ಎಣಿಸಿದ್ದನ್ನೇ ಮತ್ತೆ ಎಣಿಸಿದ.

ಗಾಶ್ಪೆರ್ ಮಾತಾಡಲಿಲ್ಲ.
ಸೊಂಟಪಟ್ಟಿಯ ಕೊಂಡಿಯ ಜತೆ ಬಹಳ ಹೊತ್ತು ಹೆಣಗಿದ,
ನೆರವಿಗೆ ಹೋದವಳ ಕೈ ತಳ್ಳಿದ.
ಮರ ಇಟ್ಟ. ಕತ್ತಿ ಹಿಡಿದ. ವಾಲಿದ.
ಕಚ್ಚಿತು.

ಮೊದಲ ಚಕ್ಕೆ ದಪ್ಪ, ಹರಿದದ್ದು.
ಎರಡನೆಯದೂ ಹಾಗೇ.
ಆಮೇಲಿನದು ಉದ್ದಕ್ಕೆ ಸುರುಳಿಯಾಗಿ ಬಂದು
ಅವನ ಮಡಿಲಲ್ಲಿ ಬಿತ್ತು, ಮತ್ತೊಂದು, ಮತ್ತೊಂದು.
ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂದು ಹಲ್ಲು.
ಕೊನೆಗೆ ಬಾಯಿಬಿಟ್ಟು ಅಂದದ್ದು ಇಷ್ಟೇ:
'ಹಗ್ಗದ ತೂತು ಒಂದು ಬೆರಳು ಹಿಂದಿರಬೇಕಿತ್ತು.'
ನಿಜ. ಇರಬೇಕಿತ್ತು.

ಸೀಟಿನ ಹಿಂದೆ ಹಿಡಿಯಲೆಂದೇ ಅಳೆದು ಕೊಯ್ದದ್ದು.
ಅವನು ಮಡಿಲಲ್ಲೇ ಇಟ್ಟುಕೊಂಡ.
ಸೊಂಟಪಟ್ಟಿ ಬಿಚ್ಚಿರಲಿಲ್ಲ, ಹಗ್ಗವನ್ನೂ.
ಕಾಡಿನ ದಾರಿಯಲ್ಲಿ ನಿದ್ದೆಹೋದ.
ತಿರುವು ಬಂದು ಅವನು ಹಿಂದಕ್ಕೆ ವಾಲಿದಾಗಲೆಲ್ಲ
ಟಕ್ ಎಂದು ಆ ಬಾಯಿ ಮುಚ್ಚುತ್ತಿತ್ತು,
ಏನನ್ನೂ ಕಚ್ಚದೆ.