ಎಂಟನೆಯ ಎಳೆ

ಬಾಯ್ಲರಿನ ಚಿಮಣಿಗೆ ಏಣಿ ಹಾಕಿ
ಮಸಿ ಕೆರೆದು ತಂದಳು ನುಝತ್,
ಅಬ್ಬಾ ಜುಮ್ಮಾ ನಮಾಜಿಗೆ ಹೋದ ಹೊತ್ತು ನೋಡಿ.
ಗೋಂದು ಕಲಸಿ, ತಟ್ಟಿ, ಬೆರಳುದ್ದದ ಕಡ್ಡಿ ಮಾಡಿ
ನೆರಳಲ್ಲಿ ಒಣಗಿಸಿದ್ದಾಯಿತು.
ಚೀನಾದಲ್ಲಿ ಇದಕ್ಕೆ ಕಸ್ತೂರಿ ಬೆರೆಸುತ್ತಾರಂತೆ;
ನಮ್ಮದಕ್ಕೆ ಬೆಂದ ಹುಳದ ವಾಸನೆ
ಶಿಡ್ಲಘಟ್ಟವೇ ಬೆರೆಸಿ ಕೊಟ್ಟಿತು.

ಕುಂಚಕ್ಕೆ ಮೇಕೆಯ ಕೂದಲು.
ಬಟ್ಟೆಗೆ ಪಟಿಕದ ನೀರು, ಇಲ್ಲದಿದ್ದರೆ ಮಸಿ ಹಬ್ಬುತ್ತೆ.
ಬಟ್ಟೆ ಮಾತ್ರ ನಮ್ಮದೇ ನೂಲು,
ದೊಡ್ಡಬಳ್ಳಾಪುರದ ಮಗ್ಗಕ್ಕೆ ಹೋಗಿ
ಡ್ಯಾಮೇಜ್ ಅಂತ ವಾಪಸ್ ಬಂದದ್ದು.

ಫೋನಿನಲ್ಲಿ ಯಾರೋ ಮುದುಕ, ಯಾವುದೋ ಭಾಷೆ.
ಸೌಂಡ್ ಆಫ್ ಮಾಡಿ ಮಣಿಕಟ್ಟು ನೋಡುತ್ತಾಳೆ.
ನಾನು ಪಕ್ಕದ ಫ್ಲೆಕ್ಸ್ ಅಂಗಡಿಯವನು,
ಹುಟ್ಟುಹಬ್ಬದ ಮುಖಗಳನ್ನು
ಕತ್ತರಿಸಿ, ಬೆಳ್ಳಗೆ ಮಾಡಿ, ಜೋಡಿಸುವವನು.
ಸಂಜೆ ಕರೆಂಟ್ ಹೋದರೆ ಅವಳ ಮಹಡಿಯಲ್ಲಿ
ಮಸಿ ತೇಯುವ ಕೆಲಸ ನನಗೆ.

ಮೊದಲ ಸುರುಳಿಯಲ್ಲಿ ನಂದಿ ಬೆಟ್ಟ,
ಸೊಂಟಕ್ಕೆ ಮಂಜು ಕಟ್ಟಿಕೊಂಡು ನಿಂತಿತ್ತು.
ದೋಣಿ ಇರಬೇಕಾದಲ್ಲಿ ಟಾಟಾ ಏಸ್, ತುಂಬ ಗೂಡಿನ ಚೀಲ.
ಋಷಿ ಕೂರಬೇಕಾದ ಬಂಡೆಯ ಮೇಲೆ
ಸಿಗ್ನಲ್ ಹುಡುಕುತ್ತ ಫೋನ್ ಎತ್ತಿ ಹಿಡಿದ ಹುಡುಗ.
ಅದು ನಾನೇ. ಮೂಗು ಮಾತ್ರ ನನ್ನದಲ್ಲ.

"ನೀರೆಲ್ಲಿ?" ಕೇಳಿದೆ.
"ಬಿಟ್ಟಿದೀನಲ್ಲ, ಆ ಖಾಲಿಯೇ ನೀರು."
"ನಮ್ಮ ಕೆರೆಗೆ ಅದನ್ನ ಹೊಸದಾಗಿ ಹೇಳಬೇಕಾ" ಅಂತ ನಕ್ಕೆ.
ಅವಳು ನಗಲಿಲ್ಲ. ಕುಂಚ ತೊಳೆದು
ಬಿಳಿಯ ನಡುವೆ ಒಂದು ಕೊಕ್ಕರೆ ನಿಲ್ಲಿಸಿದಳು,
ಒಂಟಿ ಕಾಲಲ್ಲಿ.
ಅಷ್ಟೇ, ಕೆರೆ ತುಂಬಿತು.

ಮಾರನೇ ವಾರ ನಾನೂ ಹಾಗೇ ಮಾಡಿದೆ:
ಹತ್ತಡಿ ಫ್ಲೆಕ್ಸು, ಮೂಲೆಯಲ್ಲಿ ಮುಖ, ಮಿಕ್ಕಿದ್ದು ಬಿಳಿ.
"ಅಡಿ ಲೆಕ್ಕದಲ್ಲಿ ದುಡ್ಡು ಕೊಟ್ಟಿಲ್ವೇನೋ, ಮುನಿಚಂದ್ರ?
ಜಾಗ ಯಾಕೆ ಖಾಲಿ?"
ಹದಿನೇಳು ಮುಖ ತುಂಬಿ ಕಳಿಸಿದೆ.
ಅವರಲ್ಲೊಬ್ಬರೂ ಕೊಕ್ಕರೆಯಷ್ಟು ಸುಮ್ಮನೆ ನಿಂತಿರಲಿಲ್ಲ.

ಅಬ್ಬಾಗೆ ಗೊತ್ತಾಗದೆ ಇರುತ್ತದೆಯೇ.
ಅವರ ಲೆಕ್ಕದಲ್ಲಿ ಚೀನಾ ಅಂದರೆ ಒಂದೇ:
ಅಲ್ಲಿಂದ ಹಡಗು ಬಂದ ದಿನ
ಇಲ್ಲಿ ನೂಲಿನ ರೇಟು ಕೂತುಬಿಡುತ್ತೆ.
"ದಾರ ಅವರದಾಯ್ತು, ಈಗ ನಿನ್ನ ಕೈಯೂ ಅವರದಾ?"

ನುಝತ್ ಉತ್ತರ ಕೊಡಲಿಲ್ಲ.
ಇನ್ನೊಂದು ಸುರುಳಿ ಬಿಚ್ಚಿ ಕಿಟಕಿಗೆ ಕ್ಲಿಪ್ ಹಾಕಿದಳು.
ಅಮ್ಮಿಯ ಕೈ. ಕುದಿವ ಬೇಸಿನ್ನು, ಕುಣಿವ ಗೂಡು.
ಆವಿ ಇದ್ದಲ್ಲೆಲ್ಲ ಬರೀ ಬಟ್ಟೆ.
ಬೆಂದು ಬಿಳಿಚಿದ ಬೆರಳ ತುದಿಗಳಿಗೆ
ಮಸಿ ಮುಟ್ಟಿಸಿಯೇ ಇಲ್ಲ.

ಅಬ್ಬಾ ಕನ್ನಡಕ ಏರಿಸಿದರು.
ಬಹಳ ಹೊತ್ತು.
ಬೆರಳು ಮಡಚಿ ಎಣಿಸಿದರು.
"ಎಂಟು ಗೂಡಿಂದ ಒಂದು ದಾರ ಏಳಬೇಕು.
ಇಲ್ಲಿ ಏಳೇ ಎಳೆ ಇದಾವೆ.
ಈ ದಾರ ನಿಲ್ಲಲ್ಲ, ಕಿತ್ತೋಗ್ತದೆ."
ಮೆಟ್ಟಿಲಿಳಿದು ಹೋಗಿ ಮೋಟಾರ್ ಹಾಕಿದರು.

ಎಂಟನೆಯದನ್ನು ಅವಳು ಬರೆಯಲಿಲ್ಲ.
ಡ್ಯಾಮೇಜ್ ಅಂಚಿನಿಂದ ಒಂದೆಳೆ ಕಿತ್ತು,
ಉಸಿರು ಬಿಗಿಹಿಡಿದು,
ಬೇಸಿನ್ನಿನಿಂದ ಮೇಲಕ್ಕೆ ಗೋಂದಲ್ಲಿ ಕೂರಿಸಿದಳು.

ಕೊನೆಗೆ ಮೂಲೆಗೊಂದು ಕೆಂಪು ಮುದ್ರೆ:
ರಬ್ಬರಿನಲ್ಲಿ ಕೊರೆದ "ನು",
ನನ್ನ ಪ್ರಿಂಟರಿನ ಮಜೆಂಟಾ.
ಒತ್ತಿ ಎತ್ತಿದರೆ ಅಕ್ಷರ ಉಲ್ಟಾ ಬಿದ್ದಿದೆ.
ರೇಷ್ಮೆಯ ಮೇಲೆ ಅಳಿಸಲಾಗುವುದಿಲ್ಲ.
"ಇರಲಿ ಬಿಡು" ಅಂದಳು,
"ಬೆಳಕಿಗೆ ಹಿಡಿದು ಹಿಂದುಗಡೆಯಿಂದ ಓದಿಕೊಳ್ಳಲಿ."