ಹೆಸರ ಹೇಳಂದ್ರ

ಕರೆಂಟ್ ಹೋಗಿ ಬಂದ್ರ ಸಾಕು,
ನಮ್ಮ ಪ್ರಿಂಟರಿಗೆ ಹೊಸ ಮನಿ.
ನಿನ್ನೆ ಏಳರಾಗ ಇತ್ತು, ಇವತ್ತು ಇಪ್ಪತ್ಮೂರರಾಗ.
ಏಳರಾಗ ಈಗ ಟಿವಿ ಕುಂತೈತಿ.
ಸೊರಟೂರಿನವರ ಲಗ್ನಪತ್ರಿಕಿ ಮುನ್ನೂರು
ಟಿವಿಯ ಬಾಗಲಾ ಬಡದು ಬಡದು
ವಾಪಸ್ ಬಂದು ನಿಂತಾವು.

ಈ ರೌಟರ್ ಧರ್ಮಶಾಲಿಯ ಗುಮಾಸ್ತ.
ಮೊದಲ ಬಂದವರಿಗೆ ಮೊದಲ ಖೋಲಿ,
ಒಂದ ದಿನದ ವಸ್ತಿ,
ಮುಖ ನೆನಪಿಡೂದಿಲ್ಲ.

ಬೆಟಗೇರಿಯ ನಮ್ಮ ಬಾಗಲಕ್ಕೂ ಮೂರು ನಂಬರ್ ಅದಾವು.
ಡಾಂಬರಿನ್ಯಾಗ ಒಂದು, ತಗಡಿನ್ಯಾಗ ಒಂದು,
ಗಣತಿಗೆ ಬಂದ ಮಾಸ್ತರರು ಸುಣ್ಣದಾಗ ಬರದದ್ದು ಇನ್ನೊಂದು.
ಟಪಾಲ್ ತರೂ ದಾವಲಸಾಬ ಮೂರನ್ನೂ ನೋಡೂದಿಲ್ಲ.
'ಗದಿಗೆಪ್ಪನ ಪ್ರೆಸ್' ಅಂತಿದ್ರ
ಕಾಗದ ಕಟ್ಟಿ ಮ್ಯಾಲ ಬಂದು ಬೀಳತೈತಿ.
ಮಾವ ಹೋಗಿ ಒಂಬತ್ತು ವರ್ಷ ಆತು.

ಐತವಾರ, ಓಣಿಯ ಮಗ್ಗ ಸುಮ್ಮನಿದ್ದ ಹೊತ್ತು,
ಒಂದೊಂದ ಯಂತ್ರ ಬೋರಲ ಹಾಕಿ
ಹೊಟ್ಟಿ ಕೆಳಗಿನ ಚೀಟಿ ಓದಾಕ ಕುಂತೆ.
ಹನ್ನೆರಡು ಅಕ್ಷರ. ಹುಟ್ಟಮಚ್ಚಿ.
ಕರೆಂಟ್ ಹೋದ್ರೂ ಅಳಿಸೂದಿಲ್ಲ.
ಬಿ ಯಾವದು, ಎಂಟ ಯಾವದು, ನನಗ ತಿಳೀಲಿಲ್ಲ.
ಅತ್ತಿ ನಿಂಬೆವ್ವ ಚಾಳೀಸ ಏರಿಸಿ ಬಗ್ಗಿದ್ರು:
'ಬೆನ್ನ ಸಪಾಟ ಐತಿ, ಇದು ಬಿ.
ಎಂಟಕ್ಕ ಬೆನ್ನ ಎಲ್ಲಿರತೈತಿ?'
ಮೂವತ್ತು ವರ್ಷ ಸೀಸದ ಮೊಳಿ ಜೋಡಿಸಿದ ಕಣ್ಣು,
ತಿರುಗಾಮುರುಗಾ ಅಕ್ಷರಾನ ಅವಕ್ಕ ಸುರಳೀತ.

ಗುಮಾಸ್ತನ ವಹಿ ತಗದು ಬರದೆ:
ಈ ಮಚ್ಚಿಯವಂಗ ಹತ್ತು, ಎಂದೆಂದಿಗೂ ಹತ್ತು.
ಕಟಿಂಗ್ ಖೋಲಿಯ ಕಂಪ್ಯೂಟರಿಗೆ ಹನ್ನೊಂದು.
(ಹನ್ನೊಂದನ್ನ ಇಬ್ಬರಿಗೆ ಕೊಟ್ಟು
ಅರ್ಧ ತಾಸು ಜಗಳ ಹಚ್ಚಿದ್ದೂ ಖರೆ.)
ಬಂದು ಹೋಗೂ ಮೊಬೈಲಿಗೆಲ್ಲ ನೂರರ ಮ್ಯಾಲ,
ನೀವು ಪಡಸಾಲ್ಯಾಗ ಇರ್ರಿ ಅಂತ.

ಆಮ್ಯಾಲ ಹೆಸರು.
ಬಿಜಾಗರಿ ಮುರದ ಲ್ಯಾಪ್‌ಟಾಪ್ ಅಲಮಾರಿ ಮ್ಯಾಲ ಇಟ್ಟು
ದಾವಲಸಾಬನ ಕೆಲಸ ಅದಕ್ಕ ಕೊಟ್ಟೆ.
ಅಚ್ಚು ಡಾಟ್ ಮನಿ. ಕತ್ತರಿ ಡಾಟ್ ಮನಿ.
ಬಾಗಲದ ಕ್ಯಾಮೆರಾ, ಕಣ್ಣು ಡಾಟ್ ಮನಿ.
ಗೊತ್ತಿಲ್ಲದ ಹೆಸರ ಬಂದ್ರ ಹೊರಗಿನವರನ್ನ ಕೇಳ್ಕೊಂಡ ಬಾ,
ಮನಿಯವರ ಹೆಸರು ಹೊಸ್ತಲಾ ದಾಟಿಸಬ್ಯಾಡ.

ಒಂದು ಡಬ್ಬಿ ಉಳೀತು,
ಹಳೇ ಫೋಟೋ, ಹಳೇ ಪತ್ರಿಕಿ ಎಲ್ಲಾ ತುಂಬಿದ್ದು.
ಅದಕ್ಕ ಮಾವನ ಹೆಸರಿಟ್ಟೆ.

'ಅತ್ತೀ, ಹೆಸರ ಹೇಳಿದ್ರ ತಗೀತೈತಿ' ಅಂದೆ.
ಅತ್ತಿ ಸೆರಗು ಬಾಯಿಗೆ ಹಿಡದ್ರು.
ಅಣ್ಣಿಗೇರಿಯ ಹಂದರದಾಗ ಒಮ್ಮಿ,
ನಾದಿನಿ ಹೊಸ್ತಲದಾಗ ತಡದಾಗ ಒಮ್ಮಿ,
ಇಡೀ ಜೀವಮಾನದಾಗ ಎರಡ ಸಲ ಅಂದದ್ದು,
ಅದೂ ಒಡಪಿನ ಮರೀಗೆ.
ನಾನೋ, 'ಅಂದಾನೀ, ಚಹಾ ಆರ್ತೈತಿ' ಅಂತ
ಓಣಿಗೆ ಕೇಳೂಹಂಗ ಒದರಾಕಿ.
ಅವತ್ತು ಮಾತ್ರ ಸುಮ್ಮನ ನಿಂತೆ.

ಅತ್ತಿ ಮೆತ್ತಗ ಶುರು ಮಾಡಿದ್ರು:
'ಅಲಮಾರಿ ಮ್ಯಾಲ ಡಬ್ಬಿ, ಡಬ್ಬಿಗೆ ಹಸರ ದೀಪ,
ಹೆಸರ ಹೇಳಿದ್ರ ನಾಚಿಕಿ, ಹೇಳದಿದ್ರ ಕ್ವಾಪ...'
ಅಲ್ಲಿಗೇ ನಿಂತಿತು. ಹೆಸರಿನ ಜಾಗಾ ಖಾಲಿ.

ಬೆರಳು ನಿಲ್ಲಲಿಲ್ಲ.
ಇಂಗ್ಲಿಷಿನ ಒಂಬತ್ತು ಅಕ್ಷರ, ಪಿ ಎರಡ ಸಲ,
ಒಂದೊಂದ ಖಣದಿಂದ ಆರಿಸಿ ತಗದಂಗ.
ಪ್ರತಿ ಪತ್ರಿಕಿಯ ತಳದಾಗ, ಇರಿವಿಯಷ್ಟ ಸಣ್ಣ ಅಕ್ಷರದಾಗ
'ಮುದ್ರಕರು' ಅಂತ ಜೋಡಿಸಿ ಅದರ ಮುಂದ
ಈ ಹೆಸರ ಎಷ್ಟ ಸಾವಿರ ಸಲ ಹೇಳ್ಯಾವೋ ಆ ಬೆರಳು,
ಬಾಯಿಗೆ ಸುದ್ದಿ ಇಲ್ಲದಂಗ.

ಅಲಮಾರಿ ಮ್ಯಾಲ ದೀಪ ಒಮ್ಮಿ ಮಿಣುಕಿತು.
ಎರಡು ಮಿಲಿಸೆಕೆಂಡ್.
ಒಳಗಿನ ಖೋಲಿಯಿಂದ ಯಾರೋ 'ಓ' ಅಂದ್ರು.

ಟ್ಯಾಬ್ ದೂರ ಹಿಡದು, ಹತ್ತರ ಹಿಡದು,
ಎಪ್ಪತ್ತೆಂಟನೇ ಇಸ್ವಿಯ ಪತ್ರಿಕಿ ಒಂದು ನೋಡಿ
ಅತ್ತಿ ಅಂದ್ರು:
'ಒತ್ತು ಒಂದು ಕೆಳಗ ಜಾರೈತಿ ನೋಡು ಇಲ್ಲಿ.
ಆಗೂ ಹೇಳಿದ್ದೆ ಅವರಿಗೆ.'