ತಟ್ಟೆಯಲ್ಲಿ ಹೊಳೆ

ಬಳೇಪೇಟೆ, ಎರಡನೇ ಮಹಡಿ. ಕೆಳಗೆ
ಹಾರ್ಮೋನಿಯಂ ಅಂಗಡಿಯಲ್ಲಿ ಯಾರೋ
ಒಂದೇ ಮನೆಯನ್ನು ಒತ್ತಿ ಒತ್ತಿ
ಶ್ರುತಿ ಕೂಡಿಸುತ್ತಿದ್ದಾರೆ, ಬೆಳಗಿನಿಂದ.

ಕಾಕ್ಸ್ ಟೌನಿನ ಹಿಲ್ಡಾ ಮೇಡಂ
ಟವೆಲಿನಲ್ಲಿ ಸುತ್ತಿ ತಂದುಕೊಟ್ಟ ಚಿತ್ರ:
ಇನ್ನೂರು ವರ್ಷದ ಹಿಂದೆ ಯಾವನೋ ದೊರೆ
ಪಲ್ಲಕ್ಕಿ ಇಳಿದು, ನೆರಳಲ್ಲಿ ಕೂತು
ಸೀಸದ ಕಡ್ಡಿಯಲ್ಲಿ ಬರೆದದ್ದು. ಮೂರು ದೋಣಿ,
ಒಂದು ಹರಿಗೋಲು, ಮುರುಕು ಮಂಟಪ,
ಆಚೆ ದಡದಲ್ಲಿ ಇರಲೇಬೇಕಾದ ಆಲ.
ಮುಕ್ಕಾಲು ಹಾಳೆ ಆಕಾಶಕ್ಕೇ ಕೊಟ್ಟಿದ್ದಾನೆ.

ಹೊಳೆಯ ಹೆಸರನ್ನು ಗೆದ್ದಲು ತಿಂದಿದೆ.
ಉಳಿದದ್ದು ಬಾಲ ಇಳಿಬಿಟ್ಟ ಒಂದೇ ಅಕ್ಷರ.
ಗಂಗೆಯಂತೆ; ಹಾಗಂತ ಮೇಡಂ ತಾತ.
ಗಂಗೆಯಲ್ಲಿ ಹರಿಗೋಲೇ?
ನಾನು ಬಾಯಿ ಬಿಡಲಿಲ್ಲ.

ನಮ್ಮ ಓಣಿಗೆ ಕಾವೇರಿ ಬರುವುದು
ದಿನ ಬಿಟ್ಟು ದಿನ, ರಾತ್ರಿ ಎರಡಕ್ಕೆ, ನಲ್ಲಿಯಲ್ಲಿ.
ಹಿಡಿದಿಟ್ಟು, ಎರಡು ಸಲ ಸೋಸಿ
ಬಿಳಿ ತಟ್ಟೆಗೆ ಎರಡು ಬೆರಳಾಳ ಸುರಿದೆ.
ನದಿ ಇಲ್ಲದ ಊರು ಇದು; ಇದ್ದೊಂದು
ಬಸವನ ಕಾಲಡಿ ಹುಟ್ಟಿ
ಮೈಸೂರು ರಸ್ತೆ ಮುಟ್ಟುವಷ್ಟರಲ್ಲಿ ಮೋರಿ.

ಹಾಳೆಯನ್ನು ಮೆಲ್ಲಗೆ ಇಳಿಸಿದೆ,
ಕೂಸಿಗೆ ಎರೆಯುವಾಗ
ಕತ್ತಿನಡಿ ಕೈ ಕೊಡುವಂತೆ.
ದೋಣಿಗಳಿಗೆ ಮೊದಲ ಸಲ ನೀರು ತಾಕಿತು.
ಕೊಳೆ ಬಿಟ್ಟಿತು, ಚಹಾದ ಬಣ್ಣ.

ಆಗ ಕಂಡ.
ಮುಂದಿನ ದೋಣಿಯ ಎಡಕ್ಕೆ, ಅಳಿಸಿದ ಗುರುತು:
ಎದೆಮಟ್ಟ ನೀರಲ್ಲಿ ನಿಂತ ಒಬ್ಬ
ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು
ಅಲ್ಲಾಡದಂತೆ ನಿಲ್ಲಿಸಿದ್ದಾನೆ.
ಬರೆದು ಮುಗಿಯುವ ತನಕ ಹಿಡಿ
ಅಂದಿರಬೇಕು ದೊರೆ. ಹಿಡಿದಿದ್ದಾನೆ.
ಆಮೇಲೆ, ದೋಣಿ ತಾನಾಗಿ ನಿಂತಂತಿದ್ದರೇ ಚೆಂದ
ಅನ್ನಿಸಿರಬೇಕು.
ಬ್ರೆಡ್ಡಿನ ತಿರುಳಲ್ಲಿ ಉಜ್ಜಿದ್ದಾನೆ.

ಮುಖವಿಲ್ಲ. ರುಮಾಲಿನ ಎರಡು ಸುತ್ತು.
ಕಡ್ಡಿ ಒತ್ತಿದ ಹಳ್ಳ ಮಾತ್ರ ಮಾಸಿಲ್ಲ.

ಅಂಟು ಕಲಸುತ್ತಿದ್ದ ಮುನಿಲಕ್ಷ್ಮಿ ಬಗ್ಗಿ ನೋಡಿ,
‘ಅಕ್ಕಾ, ಚಳಿ ಆಗಲ್ವಾ ಇವನಿಗೆ?’ ಅಂದಳು.

ಒಣಗಿದರೆ ಹೋಗಿಬಿಡುತ್ತಾನೆ, ಗೊತ್ತು.
ತೆಗೆಯುವ ಹೊತ್ತು ಮೀರಿತ್ತು. ಆದರೂ
ಇನ್ನೈದು ನಿಮಿಷ ಬಿಟ್ಟೆ.
ಬೀದಿಯಲ್ಲಿ ಲಾರಿ ಹೋದರೆ ಮೇಜು ನಡುಗುತ್ತದೆ,
ತಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ.

ಕೆಳಗೆ ಶ್ರುತಿ ಇನ್ನೂ ಕೂಡಿರಲಿಲ್ಲ.

ಸಂಜೆ ಬಿಲ್ಲು ಬರೆದೆ:
ಕಲೆ ತೆಗೆದದ್ದು, ಇಷ್ಟು.
ಹರಿದ ಅಂಚು ಅಂಟಿಸಿದ್ದು, ಇಷ್ಟು.
ಎಡಗಡೆ, ನೀರಲ್ಲಿ, ಒಬ್ಬ ಆಳು.
ಅದರ ಮುಂದಿನ ಕಾಲಂ
ಖಾಲಿ ಬಿಟ್ಟೆ.